ಧೂಪದ ಮರದಿಂದ ಎಡಕ್ಕೆ

ಅರುವತ್ತರ ದಶಕದಲ್ಲಿ ನನ್ನ ಗಂಡ ಬರೆದ ಒಂದು ಲೇಖನವನ್ನು ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ನೆನೆಸಿಕೊಳ್ಳುತ್ತಾರೆ. ಮನೆಗೆ ಬಂದು ಕಾಫಿ ಕುಡಿಯುತ್ತಾ, "ಮಾಷ್ಟ್ರು ಆ ಕಾಲದಲ್ಲೇ ಹೆಂಡತಿಯನ್ನು ಕರ್ಕೊಂಡು ಕಾಡು ಸುತ್ತಿದವರು, ಎಷ್ಟು ಚೆಂದ ಬರ್ದಿದ್ರು" ಅನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತೇನೆ. ಆ ಲೇಖನ ಒಂದು ಮನೆಯವರ ಒಂದು ವರ್ಷದ ಅನ್ನ ಕಿತ್ತುಕೊಂಡಿತು. ಬರೆದವರು ಅವರು, ಅಚ್ಚಿಗೆ ಹೋದ ಪ್ರತಿಯಲ್ಲಿದ್ದ ಕೈಬರಹ ನನ್ನದು. ಅವರು ತೀರಿಹೋಗಿ ವರ್ಷಗಳಾದವು. ಸತ್ತವರ ಬಗ್ಗೆ ಸಿಟ್ಟು ಇಟ್ಟುಕೊಳ್ಳಬಾರದು ಅಂತ ಮಗಳು ಹೇಳುತ್ತಾಳೆ. ಇಟ್ಟುಕೊಂಡಿದ್ದೇನೆ, ಏನೀಗ?

ನಾವು ಪುತ್ತೂರಿನವರು. ಮದುವೆಯಾದಾಗ ನಾನು ಪ್ರಾಥಮಿಕ ಶಾಲೆಯಲ್ಲಿ ಟೀಚರು, ಅವರು ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು. ಮಕ್ಕಳ ಪ್ರಬಂಧ ತಿದ್ದುವಾಗ ಅವರದು ಒಂದೇ ಹಟ, ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. 'ದಾರಿಯಲ್ಲಿ ಒಂದು ಮರ ಇತ್ತು' ಅಂತ ಬರೆದ ಹುಡುಗನಿಗೆ ಸೊನ್ನೆ ಹಾಕುತ್ತಿದ್ದರು. ಮಾವೋ ಹಲಸೋ, ಎಡಕ್ಕೋ ಬಲಕ್ಕೋ ಅಂತ ಕೆಂಪು ಶಾಯಿಯಲ್ಲಿ ಬದಿಗೆ ಬರೆಯುತ್ತಿದ್ದರು. ಹೊಸತರಲ್ಲಿ ನನಗೆ ಅದೆಲ್ಲ ದೊಡ್ಡ ವಿದ್ವತ್ತಾಗಿ ಕಾಣುತ್ತಿತ್ತು.

ಒಮ್ಮೆ ಎಲ್ಲಿಯದೋ ಸ್ಕೌಟ್ ಶಿಬಿರಕ್ಕೆ ಹೋದವರು ಕಾಡಿನಲ್ಲಿ ನಡೆಯುವ ಹುಚ್ಚು ಹತ್ತಿಸಿಕೊಂಡು ಬಂದರು. ದಸರಾ ರಜೆಯಲ್ಲಿ ಘಟ್ಟದ ಬುಡದ ಕಾಡಿನ ಜನ ಮಲೆಕುಡಿಯರ ಮನೆಗಳನ್ನು ನೋಡಿಕೊಂಡು ಬರೋಣ, ನಾವಿಬ್ಬರೇ, ಬೇಕಾದ್ದನ್ನೆಲ್ಲ ಬೆನ್ನ ಮೇಲೆ ಹೊತ್ತುಕೊಂಡು ಅಂದರು. ಪೇಟೆಯ ಬ್ಯಾರಿ ಟೈಲರ ಹತ್ತಿರ ಟರ್ಪಾಲಿನ ಎರಡು ಚೀಲ ಹೊಲಿಸಿದರು. ಹೆಗಲಿಗೆ ಪಟ್ಟಿ ಅಳೆಯಬೇಕಲ್ಲ, ಟೈಲರು ನನ್ನ ಕಡೆ ನೋಡಲಾರದೆ ಗೋಡೆ ನೋಡಿಕೊಂಡು, "ಎಂತ ಮಾಷ್ಟ್ರೆ, ಟೀಚರಿಗೂ ಒಂದಾ? ಒಂದು ಆಳು ಮಾಡಿದ್ರೆ ಆಗ್ತಿರ್ಲಿಲ್ವಾ?" ಅಂದರು. ಅತ್ತೆಯಂತೂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ, "ಗೋಣಿ ಹೊತ್ತುಕೊಂಡು ಊರೂರು ತಿರುಗುದಕ್ಕೆ ಮದುವೆ ಯಾಕೆ ಆಗ್ಬೇಕಿತ್ತು?" ಅಂದರು. ನನಗೆ ಒಳಗೊಳಗೇ ಖುಷಿ. ನಮ್ಮ ಬೀದಿಯ ಯಾವ ಹೆಂಗಸೂ ಮಾಡದ್ದನ್ನು ನಾನು ಮಾಡುವವಳಿದ್ದೆ.

ಕುಂಬ್ರ ದಾಟಿ ಸುಳ್ಯದವರೆಗೆ ಬಸ್ಸು. ಅಲ್ಲಿಂದ ಮುಂದೆ ಇನ್ನೊಂದು ಬಸ್ಸು ಸಿಕ್ಕಷ್ಟು ದೂರ, ಉಳಿದದ್ದು ಕಾಲ್ನಡಿಗೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬೆನ್ನಿಗೆ ಚೀಲ ಹಾಕಿ ನಾನು ನಡೆಯುವುದನ್ನು ನೋಡಲು ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನೆಟ್ಟಗೆ ನಿಂತರು. ಕೊಲ್ಲಮೊಗ್ರಿನಲ್ಲಿ ಗಂಡನಿಗೆ ಪರಿಚಯದ ಗೌಡರೊಬ್ಬರ ಮನೆ ಇತ್ತು. ಅವರ ಮಗ ಪುತ್ತೂರಿನಲ್ಲಿ ನಮ್ಮವರ ಕೈಯಲ್ಲಿ ಓದಿದವನು. ಗೌಡರು ಒಂದು ದಿನ ಉಳಿಸಿಕೊಂಡು, ಮರುದಿನ ತಾವೇ ನಮ್ಮನ್ನು ಕಾಡಿನ ದಾರಿ ಹತ್ತಿಸಿದರು. ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳಕ್ಕೆ ಅಂತ ಹೊಗೆಸೊಪ್ಪು ಸುಣ್ಣ ತಿಕ್ಕಿದ ಬಟ್ಟೆ ಕೊಟ್ಟರು. "ಅಲ್ಲಿ ಹೆಚ್ಚು ಪ್ರಶ್ನೆ ಕೇಳ್ಬೇಡಿ ಮಾಷ್ಟ್ರೆ, ಪಾಪದವರು" ಅಂತ ಮಾತ್ರ ಹೇಳಿದರು.

ಕೇಳದೆ ಇರುವ ಜನವೇ ನಮ್ಮವರು? ಐದು ದಿನಗಳಲ್ಲಿ ಮೂರು ಕಡೆ ಹೋದೆವು. ಹೋದಲ್ಲೆಲ್ಲ ನೋಟುಪುಸ್ತಕ ಬಿಚ್ಚುವುದು, ಮನೆ ಎಷ್ಟು, ಜನ ಎಷ್ಟು, ದೈವ ಯಾವುದು, ಹೆಣ ಸುಡುವುದೋ ಹೂಳುವುದೋ. ನನ್ನ ಕೊಡೆಯಿಂದ ಅವರ ಬಾಗಿಲಿನ ಎತ್ತರ ಅಳೆದರು. ಒಬ್ಬ ಮುದುಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಈ ಪ್ರಾಯದಲ್ಲೂ ಹಲ್ಲು ಎಲ್ಲಾ ಉಂಟಲ್ಲ ಅಂತ ಬಾಯಿ ತೆರೆಸಿ ನೋಡಿದರು. ಸಂತೆಯಲ್ಲಿ ಎತ್ತಿಗೆ ಹಾಗೆ ನೋಡುತ್ತಾರೆ. ನಾನು ಪಕ್ಕದಲ್ಲಿ ನಿಂತು ನಕ್ಕೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೂರನೆಯ ಊರಿನ ಕಥೆಯೇ ನಾನು ಹೇಳಬೇಕಾದ್ದು. ಆರು ಮನೆಗಳ ಊರು, ಅದಕ್ಕೊಬ್ಬರು ಗುರಿಕಾರರು. ಅವರ ಮಾತು ಮೀರಿ ಅಲ್ಲಿ ಏನೂ ನಡೆಯುವುದಿಲ್ಲ. ಕೆಳಗಿನ ಊರುಗಳಿಂದ ಯಾರು ಬಂದರೂ ಮಲೆಕುಡಿಯರು ಅವರಿಗೆ ಬೇಯಿಸಿದ್ದನ್ನು ಬಡಿಸುತ್ತಿರಲಿಲ್ಲ. ಅಕ್ಕಿ, ಬೆಲ್ಲ, ಹೊಸ ಮಡಕೆ ಅಂಗಳದಲ್ಲಿ ಇಟ್ಟು ದೂರ ಸರಿಯುವುದು, ಬಂದವರು ತಾವೇ ಒಲೆ ಹೂಡಿ ಬೇಯಿಸಿಕೊಳ್ಳುವುದು. ಅವರ ಕೈಯದ್ದು ನಾವು ಉಣ್ಣುವುದಿಲ್ಲ ಅಂತ ಅವರಿಗೆ ಗೊತ್ತಿತ್ತು, ಆ ಮಾತನ್ನು ನಮ್ಮ ಬಾಯಿಂದ ಹೇಳಿಸದಷ್ಟು ಮರ್ಯಾದೆಯೂ ಇತ್ತು. ನಮ್ಮವರು ಮಾತ್ರ ಅದಕ್ಕೆ ಒಪ್ಪಲಿಲ್ಲ. ಒಂದು ಮನೆಯ ಜಗಲಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ನೀವು ಉಣ್ಣುವುದನ್ನೇ ನಮಗೂ ಹಾಕಿ ಅಂದರು. ಅವರಲ್ಲಿ ಒಳ್ಳೆಯ ಗುಣವೂ ಇತ್ತು, ಇಲ್ಲ ಅನ್ನುವುದಿಲ್ಲ. ಮನೆಯ ಹೆಂಗಸು ಗುರಿಕಾರರ ಮುಖ ನೋಡಿ, ಬಾಳೆಲೆ ಹಾಕಿ, ಗಂಜಿ, ಎಳೆ ಬಿದಿರಿನ ಕಣಿಲೆಯ ಪಲ್ಯ, ಜೀರಿಗೆ ಮೆಣಸಿನ ಚಟ್ನಿ ಬಡಿಸಿದಳು. ಅನ್ನದ ಅಗುಳು ಸಣ್ಣ, ಕೆಂಪು, ಒಂದು ಥರದ ಪರಿಮಳ. ಅಂಥ ಅಕ್ಕಿ ಪುತ್ತೂರಿನ ಪೇಟೆಯಲ್ಲಿ ನಾನು ಕಂಡಿರಲಿಲ್ಲ. "ಈ ಅಕ್ಕಿ ಎಲ್ಲಿಯದು?" ಅಂತ ಕೇಳಿದೆ. ಗುರಿಕಾರರು ಮಾತು ತಿರುಗಿಸಿ ಮಳೆಯ ವಿಷಯ ತೆಗೆದರು.

ಮಾರನೆಯ ಬೆಳಿಗ್ಗೆ ನಮ್ಮವರು ಗುರಿಕಾರರ ಹಿಂದೆ ನೋಟುಪುಸ್ತಕ ಹಿಡಿದು ಹೋದಾಗ, ಆ ಹೆಂಗಸು ನನ್ನ ಹತ್ತಿರ ಬಂದಳು. ನನ್ನದೇ ಪ್ರಾಯ. ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದಳು. ನಾವು ಆಡಿದ್ದು ತುಳುವಿನಲ್ಲಿ, ಇಲ್ಲಿ ನಮ್ಮ ಊರ ಕನ್ನಡದಲ್ಲಿ ಬರೆಯುತ್ತೇನೆ.

"ಬನ್ನಿ ಅಕ್ಕ, ಸೊಪ್ಪು ತರುವ" ಅಂದಳು.

ಸೊಪ್ಪು ಬರೀ ನೆಪ. ಒಂದೇ ಹೊಳೆಯನ್ನು ಎರಡು ಸರ್ತಿ ದಾಟಿಸಿದಳು. ಬುಡದಿಂದಲೇ ಕವಲೊಡೆದ ಒಂದು ದೊಡ್ಡ ಧೂಪದ ಮರದಿಂದ ಎಡಕ್ಕೆ ತಿರುಗಿ, ಬೆತ್ತದ ಪೊದೆಯೊಳಗೆ ಬಗ್ಗಿ ನುಸುಳಿದಳು. ನನ್ನ ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು. ಆಚೆ ಎದ್ದು ನಿಂತರೆ ಕಣ್ಣೆದುರು ಇಡೀ ಇಳಿಜಾರು ಹಳದಿ. ಭತ್ತ ತೆನೆ ಬಗ್ಗಿ ನಿಂತಿತ್ತು. ನಡುನಡುವೆ ಸುಟ್ಟು ಕಪ್ಪಾದ ಮೋಟುಗಳು, ಅಂಚಿನಲ್ಲಿ ಮೆಣಸು, ಮುಳ್ಳುಸೌತೆ. ಅದು ಕುಮೇರಿ. ಕಾಡಿನ ಒಂದು ತುಂಡು ಕಡಿದು, ಬೇಸಿಗೆಯಲ್ಲಿ ಸುಟ್ಟು, ಮಳೆ ಹಿಡಿಯುವಾಗ ಬೂದಿಯಲ್ಲಿ ಬಿತ್ತುವ ಬೇಸಾಯ. ಬ್ರಿಟಿಷರ ಕಾಲದಲ್ಲೇ ಅದನ್ನು ಅಪರಾಧ ಅಂತ ಮಾಡಿದ್ದರು. ಬ್ರಿಟಿಷರು ಹೋದರೂ ಅಪರಾಧ ಹೋಗಿರಲಿಲ್ಲ.

ಗಿಳಿ ಓಡಿಸಲು ಮೂರು ಕಡೆ ಸೀಳಿದ ಬಿದಿರು ನೆಟ್ಟು, ಅದಕ್ಕೆ ಉದ್ದದ ಬಳ್ಳಿ ಕಟ್ಟಿ ಕಾವಲಿನ ಅಟ್ಟಣೆಯವರೆಗೆ ತಂದಿದ್ದರು. ಅವಳು ಅಟ್ಟಣೆಯಲ್ಲಿ ಕೂತು ಬಳ್ಳಿಯ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡಳು. ಕೂಸಿಗೆ ಹಾಲು ಕೊಡುತ್ತಾ, ಬೆತ್ತ ಸೀಳುತ್ತಾ, ಆಗಾಗ ಕಾಲು ಜಾಡಿಸಿದರೆ ಆಚೆ ಕೊನೆಯಲ್ಲಿ ಬಿದಿರು ಪಟ್ ಪಟ್ ಅನ್ನುತ್ತಿತ್ತು, ಗಿಳಿಗಳ ಹಿಂಡು ಹಸಿರಾಗಿ ಎದ್ದು ಹೋಗುತ್ತಿತ್ತು. ನನಗೂ ಬಳ್ಳಿ ಕೊಟ್ಟಳು. ನಾನು ಬೇಕೆಂದೇ ಮತ್ತೆ ಮತ್ತೆ ಜಾಡಿಸಿದೆ. ಇಬ್ಬರೂ ನಕ್ಕೆವು.

"ನೀವು ನಿನ್ನೆ ಉಂಡದ್ದು ಕಳೆದ ವರ್ಷದ್ದು, ಮುಗೀತಾ ಬಂತು" ಅಂದಳು. "ಇನ್ನು ಹದಿನೈದಿಪ್ಪತ್ತು ದಿನದಲ್ಲಿ ಇದನ್ನು ಕೊಯ್ಯುದು. ಇದು ಬಂದ್ರೆ ಮುಂದಿನ ಮಳೆಗಾಲ ದಾಟ್ತೇವೆ. ಇಲ್ಲದಿದ್ರೆ ಗಡ್ಡೆ ಅಗೀಬೇಕು."

"ಫಾರೆಸ್ಟ್ ಗಾರ್ಡು ಬರುದಿಲ್ವಾ?"

"ಅವನಿಗೆ ಗೊತ್ತುಂಟು. ವರ್ಷಕ್ಕೆ ಎರಡು ಕೋಳಿ, ಒಂದು ಕುಪ್ಪಿ ಜೇನು. ಮತ್ತೆ ಅವ ಈ ಬದಿಗೆ ಬರುದಿಲ್ಲ." ಸೀಳಿದ ಬೆತ್ತವನ್ನು ಬದಿಗಿಟ್ಟು ಹೇಳಿದಳು, "ಹೊರಗಿನವರಿಗೆ ಇದನ್ನು ತೋರಿಸ್ಬಾರ್ದು ಅಂತ ಗುರಿಕಾರರ ಮಾತು. ನೀವು ನಮ್ಮ ಮನೆಯಲ್ಲಿ ಉಂಡಿದ್ದೀರಿ, ಹಾಗೆ ಕರ್ಕೊಂಡು ಬಂದೆ. ಮಾಷ್ಟ್ರು ಪುಸ್ತಕದಲ್ಲಿ ಎಂತದೋ ಬರೀತಾ ಇರ್ತಾರಲ್ಲ, ಅದರಲ್ಲಿ ಇದು ಬೇಡ ಅಕ್ಕ. ಬರೀಬೇಡಿ ಅಂತ ಹೇಳಿ."

"ಇಲ್ಲ ಮಾರಾಯ್ತಿ, ನಾನು ಅವರಿಗೆ ಹೇಳುದೇ ಇಲ್ಲ" ಅಂದೆ.

ಆ ಮಾತು ಅರ್ಧ ದಿನ ಬಾಳಿತು. ಕೆಳಗೆ ಇಳಿಯುವ ದಾರಿಯಲ್ಲಿ ನಮ್ಮವರು ತಾವು ಕಂಡದ್ದನ್ನೆಲ್ಲ ಹೇಳಿ ಹೇಳಿ ಮುಗಿಸಿ, "ನೀನು ಎಂತ ನೋಡಿದಿ, ಹೆಂಗಸರೊಟ್ಟಿಗೆ ಸೊಪ್ಪು ಕೊಯ್ದದ್ದು ತಾನೆ?" ಅಂತ ಹಗುರಾಗಿ ನಕ್ಕರು. ನನಗೆ ಚುರುಕ್ಕೆಂದಿತು. ಐದು ದಿನ ಚೀಲ ಹೊತ್ತವಳು ನಾನೂ ಅಲ್ಲವೇ? ನೀವು ಕಾಣದ್ದನ್ನು ನಾನು ಕಂಡೆ ಅಂತ ತೋರಿಸಬೇಕಿತ್ತು. ಹೊಳೆ, ಪೊದೆ, ಗಿಳಿ, ಹೆಬ್ಬೆರಳಿನ ಬಳ್ಳಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಡೆಯುವುದನ್ನು ನಿಲ್ಲಿಸಿ ಬಂಡೆಯ ಮೇಲೆ ಕೂತು ನೋಟುಪುಸ್ತಕ ತೆಗೆದರು. "ಇದನ್ನು ಬರೀಬೇಡಿ, ಅವಳು ಬೇಡ ಅಂದಿದ್ದಾಳೆ" ಅಂದೆ. "ನೆನಪಿಗೆ ಅಷ್ಟೆ" ಅಂದರು.

ನೆನಪಿಗೆ! ಊರಿಗೆ ಬಂದು ವಾರದೊಳಗೆ ಲೇಖನ ತಯಾರು. ಮಂಗಳೂರಿನ ಒಂದು ಪತ್ರಿಕೆಯ ಭಾನುವಾರದ ಪುಟಕ್ಕೆ ಕಳುಹಿಸುವುದು ಅಂತ ಆಯಿತು. ಅವರ ಅಕ್ಷರ ಕೋಳಿ ಕೆದರಿದ ಹಾಗೆ, ಶುದ್ಧ ಪ್ರತಿ ಮಾಡುವವಳು ಯಾವಾಗಲೂ ನಾನೇ. ಕುಮೇರಿಯ ಭಾಗ ಬಂದಾಗ ಪೆನ್ನು ಕೆಳಗಿಟ್ಟೆ. "ಇದು ಬೇಡ" ಅಂದೆ.

"ಇದನ್ನು ಬಿಟ್ಟರೆ ಲೇಖನದಲ್ಲಿ ಉಳಿಯುವುದೇನು?" ಅಂದರು. "ಇಂಥವರು ಹೇಗೆ ಬದುಕ್ತಾರೆ ಅಂತ ನಾಲ್ಕು ಜನಕ್ಕೆ ಗೊತ್ತಾಗುದು ಬೇಡವಾ? ಈಗ ಇರುದು ನಮ್ಮದೇ ಸರ್ಕಾರ. ಓದಿದವರು ಯಾರಾದ್ರೂ ಅವರ ಹೆಸರಿಗೇ ಪಟ್ಟೆ ಭೂಮಿ ಕೊಡಿಸಿಯಾರು."

ಅವರಿಗೆ ನಿಜವಾಗಿಯೂ ಹಾಗೆ ಅನ್ನಿಸಿತ್ತು. ಅದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸುವುದು. ಕೆಟ್ಟ ಮನುಷ್ಯನಾಗಿದ್ದರೆ ಬಯ್ದು ಮುಗಿಸಬಹುದಿತ್ತು. ಮತ್ತೆ ನನ್ನ ವಿಷಯಕ್ಕೆ ಬಂದರೆ, ನಾನು ಪೆನ್ನು ಎತ್ತಿಕೊಂಡದ್ದು ಪಟ್ಟೆ ಭೂಮಿಗಾಗಿ ಅಲ್ಲ. ಮುಂದಿನ ಸಾಲಿನಲ್ಲಿ 'ನನ್ನ ಪತ್ನಿ' ಅಂತ ಇತ್ತು. ನಾನು ಅಚ್ಚಿನಲ್ಲಿ ಬರುವವಳಿದ್ದೆ. "ಆ ಕವಲೊಡೆದ ಮರ ಯಾವುದು, ಬಲಕ್ಕೋ ಎಡಕ್ಕೋ?" ಅಂತ ಕೇಳಿದರು. "ಧೂಪದ ಮರ. ಎಡಕ್ಕೆ" ಅಂತ ಹೇಳಿ, ಗುಂಡಗಿನ ಅಕ್ಷರದಲ್ಲಿ ಬರೆದೆ. ಶಾಯಿ ಒಣಗಲಿ ಅಂತ ಊದಿದೆ ಕೂಡ.

ಮುಂದಿನ ಭಾನುವಾರವೇ ಲೇಖನ ಬಂತು. ಹೆಡ್‌ಮಾಷ್ಟ್ರು ಅದನ್ನು ಶಾಲೆಯ ಬೋರ್ಡಿಗೆ ಅಂಟಿಸಿದರು. ಅತ್ತೆ ಪಕ್ಕದ ಮನೆಯವರನ್ನು ಕರೆದು ನನ್ನ ಉಲ್ಲೇಖ ಇದ್ದ ಸಾಲನ್ನು ಬೆರಳಿಟ್ಟು ತೋರಿಸಿದರು.

ಮೂರು ವಾರ ಕಳೆದಿರಬೇಕು, ಮಂಡಿಗೆ ಅಡಿಕೆ ಹಾಕಲು ಪುತ್ತೂರಿಗೆ ಬಂದ ಕೊಲ್ಲಮೊಗ್ರಿನ ಗೌಡರು ಮನೆಗೆ ಬಂದರು. ಕೂತುಕೊಳ್ಳಿ ಅಂದರೆ ಕೂರಲಿಲ್ಲ. ಬೆಲ್ಲ ನೀರು ತಂದರೆ ಮುಟ್ಟಲಿಲ್ಲ.

"ಗಾರ್ಡು ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಇದ್ದ ಮಾಷ್ಟ್ರೆ" ಅಂದರು. "ಪೇಪರಿನಲ್ಲಿ ಬಂದದ್ದನ್ನು ಅವನ ಮೇಲಿನ ಸಾಹೇಬ ಓದಿದ. ಪುತ್ತೂರಿನ ಮಾಷ್ಟ್ರಿಗೆ ಗೊತ್ತಿರುದು ನಿನಗೆ ಗೊತ್ತಿಲ್ವಾ ಅಂತ ಕೇಳಿದನಂತೆ. ಮತ್ತೆ ಅವ ಎಂತ ಮಾಡುದು, ಅವನಿಗೂ ಹೆಂಡ್ತಿ ಮಕ್ಕಳು ಇದ್ದಾರೆ. ಪೇಪರ್ ಕೈಯಲ್ಲಿ ಹಿಡ್ಕೊಂಡೇ ಹೋದ್ರು. ಹೊಳೆ ಎರಡು ಸರ್ತಿ ದಾಟಿ, ಧೂಪದ ಮರದಿಂದ ಎಡಕ್ಕೆ. ಯಾರ ಹತ್ರವೂ ದಾರಿ ಕೇಳ್ಬೇಕು ಅಂತಲೇ ಆಗ್ಲಿಲ್ಲ."

ಕೊಯ್ಯಲು ನಾಲ್ಕು ದಿನ ಉಳಿದಿತ್ತಂತೆ. ನಿಂತ ಪೈರನ್ನು ಕಡಿದು ರಾಶಿ ಹಾಕಿ ಬೆಂಕಿ ಕೊಟ್ಟರು. ಆ ಹೆಂಗಸಿನ ಗಂಡನನ್ನು ಸುಳ್ಯಕ್ಕೆ ಎಳೆದುಕೊಂಡು ಹೋಗಿ ಎರಡು ದಿನ ಕೂರಿಸಿ ಬಿಟ್ಟರು. ಅಷ್ಟಕ್ಕೇ ಮುಗಿಯಲಿಲ್ಲ. ಹೊಲ ತೋರಿಸಿಕೊಟ್ಟವಳು ಇವಳೇ ಅಂತ ಪೇಪರಿನಲ್ಲಿ ಉಂಟು ಅಂತ ಗಾರ್ಡು ಎಲ್ಲರೆದುರು ಹೇಳಿದ್ದ. ಗುರಿಕಾರರು ಆ ಮನೆಯನ್ನು ಊರಿನಿಂದ ಹೊರಗೆ ಹಾಕಿದರು. ಅವರ ಬೆಂಕಿಯಿಂದ ಯಾರೂ ಬೆಂಕಿ ತರುವಂತಿಲ್ಲ, ಅವರ ಕೂಸನ್ನು ಯಾರೂ ಎತ್ತುವಂತಿಲ್ಲ.

ಗೌಡರು ಹೋದ ಮೇಲೆ ನಾನು ಗಂಡನಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮದುವೆಯಾಗಿ ಅದೇ ಮೊದಲ ಸಲ. ಅತ್ತೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಮ್ಮವರು ಕಿಟಕಿಯ ಕಡೆ ಮುಖ ತಿರುಗಿಸಿ, "ನನ್ನ ಉದ್ದೇಶ ಹಾಗಿರಲಿಲ್ಲ, ನಿನಗೆ ಗೊತ್ತುಂಟು" ಅಂದರು. ಅವರ ಉದ್ದೇಶವನ್ನು ಬೇಯಿಸಿ ಉಣ್ಣಲಾಗುತ್ತದೆಯೇ? ಆಮೇಲೆ ಮಲೆಕುಡಿಯರ ಪರವಾಗಿ ಇನ್ನೊಂದು ಲೇಖನ ಬರೆದರು. ಶುದ್ಧ ಪ್ರತಿ ಮಾಡಿಕೊಡುವುದಿಲ್ಲ ಅಂದೆ. ತಾವೇ ಬರೆದು ಕಳುಹಿಸಿದರು, ಅದು ಅಚ್ಚಾಗಲಿಲ್ಲ. "ಅಲ್ಲಿಗೆ ಹೋಗಿ ಅವರ ಮುಖ ನೋಡಿ ಬನ್ನಿ" ಅಂದೆ. "ಹೋಗಿ ಎಂತ ಹೇಳುದು?" ಅಂದರು. ಹೋಗಲಿಲ್ಲ.

ನಾನೇನು ಮರುದಿನವೇ ಓಡಿದೆನೇ? ಶಾಲೆ, ಪರೀಕ್ಷೆ, ಅತ್ತೆಯ ಸೊಂಟನೋವು ಅಂತ ದಿನ ತಳ್ಳಿದೆ. ಧೈರ್ಯ ಇರಲಿಲ್ಲ ಅಷ್ಟೆ. ಮಳೆಗಾಲ ಶುರುವಾಗಿ, ಅನ್ನಕ್ಕೆ ಕೂತಾಗೆಲ್ಲ ಗಡ್ಡೆ ಅಗೆಯುವ ಮಾತು ಕಿವಿಯಲ್ಲಿ ಬರತೊಡಗಿದ ಮೇಲೆ ಎರಡು ದಿನ ರಜೆ ಬರೆದುಕೊಟ್ಟು ಒಬ್ಬಳೇ ಹೊರಟೆ. ಟರ್ಪಾಲಿನ ಚೀಲದ ತುಂಬ ಅಕ್ಕಿ ತುಂಬಿಸಿದ್ದೆ. ಅತ್ತೆ ಈ ಸಲ ಒಂದು ಉಂಡೆ ಬೆಲ್ಲ ತಂದು ಚೀಲದೊಳಗೆ ಹಾಕಿದರು.

ಆ ಹೆಂಗಸು ಮನೆಯಲ್ಲಿ ಸಿಗುವುದಿಲ್ಲ ಅಂತ ಕೊಲ್ಲಮೊಗ್ರಿನಲ್ಲಿ ಗೌಡರು ಹೇಳಿದರು. ಸುಟ್ಟ ಕುಮೇರಿಯಲ್ಲಿ ಅರಣ್ಯ ಇಲಾಖೆಯವರು ಸಾಗುವಾನಿ ನೆಡಿಸುತ್ತಿದ್ದರು. ಕೂಲಿಗೆ ಬಂದಿದ್ದವರು ಹೆಚ್ಚಿನವರು ಕೆಳಗಿನ ಊರಿನವರು, ಅವರ ನಡುವೆ ಆ ಹೊಲ ಮಾಡಿದ ಗಂಡ ಹೆಂಡತಿ. ಅವಳು ಮಳೆಗೆ ತಲೆ ಬೆನ್ನು ಮುಚ್ಚುವ ಗೊರಬೆ ಹಾಕಿಕೊಂಡು, ಭತ್ತ ಬೆಳೆದಿದ್ದ ಅದೇ ಇಳಿಜಾರಿನಲ್ಲಿ, ಕಟ್ಟಿದ ಹಗ್ಗದ ಉದ್ದಕ್ಕೂ ಒಂದೇ ಅಳತೆಗೆ ಗುಂಡಿ ತೋಡಿ ಸಸಿ ಇಡುತ್ತಿದ್ದಳು. ನನ್ನನ್ನು ನೋಡಿ ಗುರುತು ಹಿಡಿದಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿ ಅಂತಲೇ ಬಂದಿದ್ದೆ. ಅವಳು ಕೈಯ ಮಣ್ಣು ಒರೆಸಿಕೊಂಡಳು.

"ಒಬ್ರೇ ಬಂದ್ರಾ ಅಕ್ಕ?"

ನಾನು ಚೀಲ ಬಿಚ್ಚಿ ಅಕ್ಕಿ ತೋರಿಸಿದೆ. ಅವಳು ನೋಡಿದಳು, ಬೇಡ ಅನ್ನಲಿಲ್ಲ, ಕೂಸು ಮಲಗಿಸಿದ್ದ ಸೋಗೆಯ ಗೂಡಿನಲ್ಲಿ ಇಟ್ಟುಬಂದಳು. ಬರುವಾಗ ಒಂದು ಬಿದಿರಿನ ಅಂಡೆ ತಂದಳು. ಅದರೊಳಗಿಂದ ಸುರುಳಿ ಸುತ್ತಿದ ಪತ್ರಿಕೆಯ ಹಾಳೆ ತೆಗೆದಳು. ಸುಳ್ಯದಲ್ಲಿ ಅವಳ ಗಂಡನನ್ನು ಬಿಡುವಾಗ ಯಾರೋ ಕೊಟ್ಟದ್ದಂತೆ. ಹೊಗೆಗೆ ಹಳದಿಯಾಗಿತ್ತು, ಆದರೂ ನಾನು ದೂರದಿಂದಲೇ ಗುರುತಿಸಿದೆ.

"ಇದರಲ್ಲಿ ಎಲ್ಲ ಉಂಟು ಅಂತ ಗಾರ್ಡು ಹೇಳಿದ. ನಮ್ಮಲ್ಲಿ ಯಾರಿಗೂ ಓದ್ಲಿಕ್ಕೆ ಬರುದಿಲ್ಲ. ನೀವು ಟೀಚರಲ್ವಾ, ಓದಿ ಹೇಳಿ."

ಸೋಗೆಯ ಕೆಳಗೆ ಕೂತು ಓದಿದೆ. ಒಂದೊಂದು ಸಾಲು ಓದಿ ತುಳುವಿನಲ್ಲಿ ಹೇಳುತ್ತಾ ಹೋದೆ. ಮುದುಕನ ಹಲ್ಲಿನ ಸಾಲು, ಬಾಗಿಲಿನ ಅಳತೆ, ಗಂಜಿಯ ರುಚಿ. ಅವಳು ತಲೆ ಆಡಿಸುತ್ತಾ ಕೇಳಿದಳು. ಹೊಳೆ ಬಂತು, ಮರ ಬಂತು. 'ಆ ಮನೆಯ ಗೃಹಿಣಿ ನನ್ನ ಪತ್ನಿಯನ್ನು ಕರೆದೊಯ್ದು ಈ ಹೊಲವನ್ನು ತೋರಿಸಿದಳು' ಅನ್ನುವ ಸಾಲು ಬಂತು. ಅದನ್ನು ಹಾರಿಸಿಬಿಡಬಹುದಿತ್ತು. ಹಾರಿಸಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಇನ್ನೊಮ್ಮೆ ಮೋಸ ಮಾಡಲು ನನ್ನಿಂದ ಆಗಲಿಲ್ಲ. ಓದಿದೆ, ತುಳುವಿನಲ್ಲಿ ಹೇಳಿದೆ. ಕೊನೆಯವರೆಗೂ ಓದಿ ಮುಗಿಸಿದೆ.

"ನಾನು ತೋರಿಸಿದ್ದು ಅಂತ ಉಂಟು" ಅಂದಳು.

"ಉಂಟು."

"ಬರೀಬೇಡಿ ಅಂತ ನಾನು ಹೇಳಿದ್ದು ಉಂಟಾ?"

ನಾನು ಹಾಳೆಯನ್ನು ನೋಡಿದೆ. ಅದರ ಒಂದೊಂದು ಅಕ್ಷರವನ್ನೂ ನನ್ನ ಕೈಯಿಂದ ಬರೆದವಳು, ಮತ್ತೆ ನೋಡಬೇಕಾದ್ದೇನೂ ಇರಲಿಲ್ಲ.

"ಇಲ್ಲ" ಅಂದೆ.

ಅವಳು ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಸುರುಳಿ ಸುತ್ತಿ, ಮಳೆಯ ಹನಿ ತಾಗದ ಹಾಗೆ ಅಂಡೆಯೊಳಗೆ ತುರುಕಿದಳು.

"ಅದೊಂದನ್ನು ಬರ್ದಿದ್ರೆ ಗುರಿಕಾರರಿಗೆ ತೋರಿಸ್ಬಹುದಿತ್ತು ಅಕ್ಕ" ಅಂದಳು. ಮೇಸ್ತ್ರಿ ಕೂಗಿದ. ಅವಳು ಗೊರಬೆ ಹಾಕಿಕೊಂಡು ಹಗ್ಗದ ಸಾಲಿಗೆ ಹೋದಳು.